ಲುವಾಂಡಾದ ಅಜ್ಜಿಯೂ ನಮ್ಮ ಮಕ್ಕಳೂ

ಅಂಗೋಲಾ ದೇಶದ ರಾಜಧಾನಿ ಲುವಾಂಡಾ. ಅಲ್ಲಿ ಸಮುದ್ರದ ಪಕ್ಕ ಪ್ರಾಯಾ ದೊ ಬಿಸ್ಪೊ ಅಂತ ಒಂದು ಬಡಾವಣೆ. ನಾನು ಓದಿದ ಒಂದು ಕಾದಂಬರಿ ನಡೆಯುವುದು ಅಲ್ಲೇ, ಕಾಲ 1980ರ ದಶಕ. ದೇಶದ ಮೊದಲ ಅಧ್ಯಕ್ಷ ಅಗಸ್ಟಿನೊ ನೆಟೊ ಅವರಿಗಾಗಿ ಸೋವಿಯತ್ ಸೈನಿಕರು ಅಲ್ಲೊಂದು ದೊಡ್ಡ ಸ್ಮಾರಕ ಕಟ್ಟುತ್ತಿದ್ದಾರೆ. ಚೂಪಾಗಿ ಮೇಲೇರುವ ಆ ಕಟ್ಟಡ ಬೀದಿಯ ಮಕ್ಕಳ ಕಣ್ಣಿಗೆ ರಾಕೆಟ್. ಸ್ಮಾರಕಕ್ಕೆ ಜಾಗ ಬೇಕು, ಹಾಗಾಗಿ ಸುತ್ತಲಿನ ಮನೆಗಳನ್ನು ಕೆಡವುತ್ತಾರೆ ಎಂಬ ಸುದ್ದಿ ಮಕ್ಕಳ ಕಿವಿಗೆ ಬೀಳುತ್ತದೆ. ಕಥೆ ಹೇಳುವ ಹುಡುಗ ಇರುವುದು ಅಜ್ಜಿಯ ಮನೆಯಲ್ಲಿ. ಆ ಅಜ್ಜಿಯ ಕಾಲಿನ ಒಂದು ಬೆರಳನ್ನು ಕ್ಯೂಬಾದ ಡಾಕ್ಟರು ತೆಗೆಯಬೇಕಾಗಿ ಬಂದು, ಅವರಿಗೆ ‘ಹತ್ತೊಂಬತ್ತರ ಅಜ್ಜಿ’ ಅಂತಲೇ ಹೆಸರು ನಿಂತುಬಿಟ್ಟಿದೆ. ಅಜ್ಜಿಯ ಮನೆ ಉಳಿಯಬೇಕಾದರೆ ಸ್ಮಾರಕವನ್ನೇ ಡೈನಮೈಟ್ ಇಟ್ಟು ಹಾರಿಸಬೇಕು ಅಂತ ಹುಡುಗರು ಲೆಕ್ಕ ಹಾಕುತ್ತಾರೆ. ಮುಂದೇನಾಯಿತು ಅಂತ ನಾನು ಹೇಳುವುದಿಲ್ಲ, ನೀವೇ ಓದಿ.

ಇದನ್ನು ಬರೆದವರು ಒಂಜಾಕಿ. 1977ರಲ್ಲಿ ಲುವಾಂಡಾದಲ್ಲೇ ಹುಟ್ಟಿದವರು. ಪೋರ್ಚುಗೀಸಿನಲ್ಲಿ ಬರೆದ ಈ ಕಾದಂಬರಿ 2008ರಲ್ಲಿ ಬಂತು. 2010ರಲ್ಲಿ ಬ್ರೆಜಿಲ್‌ನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಜಬೂತಿ ಇದಕ್ಕೆ ಸಿಕ್ಕಿತು, ಕಿಶೋರ ಸಾಹಿತ್ಯದ ವಿಭಾಗದಲ್ಲಿ. ನಾನು ಓದಿದ್ದು ಇಂಗ್ಲಿಷ್ ಅನುವಾದ. ಮುಗಿಸಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕಾಗಿಯೇ ಹೊರನಾಡ ಕನ್ನಡಿಗರ ನಮ್ಮ ಪತ್ರಿಕೆಯ ಈ ಸಲದ ಸಂಪಾದಕೀಯ.

ಪೋರ್ಚುಗೀಸ್ ಮಾತಾಡುವವರು ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ. ಅವರಲ್ಲಿ ಪೋರ್ಚುಗಲ್‌ನವರು ಬರೀ ಒಂದು ಕೋಟಿ ಆಸುಪಾಸು, ಅಂದರೆ ಈಗಿನ ಬೆಂಗಳೂರಿಗಿಂತ ಕಡಿಮೆ. ಉಳಿದವರಲ್ಲಿ ಹೆಚ್ಚಿನವರು ಬ್ರೆಜಿಲ್‌ನಲ್ಲಿ, ಆಮೇಲೆ ಅಂಗೋಲಾ, ಮೊಜಾಂಬಿಕ್‌ನಲ್ಲಿ. ಆದರೆ ಲುವಾಂಡಾದ ಹುಡುಗನಿಗೆ ಲಿಸ್ಬನ್ನಿನ ಕಥೆಯನ್ನೇ ಕೊಟ್ಟು, ಭಾಷೆ ಒಂದೇ ಅಲ್ವಾ, ಓದಿಕೋ ಅಂತ ಅಲ್ಲಿಯ ಲೇಖಕರು ಸುಮ್ಮನೆ ಕೂರಲಿಲ್ಲ. ಅವನ ಬೀದಿ, ಅವನ ಅಜ್ಜಿ, ಅವನು ಕಂಡ ಸೋವಿಯತ್ ಸೈನಿಕ, ಎಲ್ಲವನ್ನೂ ಅವನ ಊರಿನ ಪೋರ್ಚುಗೀಸಿನಲ್ಲೇ ಬರೆದರು. ಒಂಜಾಕಿಯವರದೇ ಇನ್ನೊಂದು ಪುಸ್ತಕ ನಡೆಯುವುದು ಕರೆಂಟ್ ಹೋದ ರಾತ್ರಿಯಲ್ಲಿ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಕತ್ತಲಲ್ಲಿ ಮಾತು. ಪುಟಗಳೇ ಕಪ್ಪು, ಅಕ್ಷರಗಳು ಬಿಳಿ. ಬೇಸಿಗೆಯ ರಾತ್ರಿ ಕರೆಂಟ್ ಹೋದಾಗ ಜಗಲಿಯಲ್ಲಿ ಕೂತು ಬೆಳೆದ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊಜಾಂಬಿಕ್‌ನ ಮಿಯಾ ಕೌಟೊ ದೊಡ್ಡವರಿಗಾಗಿ ಬರೆದೇ ಹೆಸರಾದವರು. ಪೋರ್ಚುಗೀಸ್ ಸಾಹಿತ್ಯದ ಅತಿ ದೊಡ್ಡ ಗೌರವವಾದ ಕಮೋಯಿಂಶ್ ಪ್ರಶಸ್ತಿ 2013ರಲ್ಲಿ ಅವರಿಗೆ ಬಂತು. 2006ರಲ್ಲಿ ಅವರು ಮಕ್ಕಳಿಗಾಗಿ ಒಂದು ಪುಟ್ಟ ಕಥೆ ಬರೆದರು. ಸಮುದ್ರವನ್ನೇ ನೋಡದ ಒಬ್ಬ ಬಡ ಹುಡುಗಿ. ಕಾಯಿಲೆ ಬಿದ್ದಿದ್ದಾಳೆ. ಕಡಲ ಗಾಳಿ ಸೋಕಿದರೆ ಗುಣವಾದೀತು ಅಂತಾರೆ, ಆದರೆ ಅಷ್ಟು ದೂರ ಕರೆದುಕೊಂಡು ಹೋಗುವ ಹಾಗಿಲ್ಲ. ಅವಳ ಅಣ್ಣ ಒಂದು ಕಾಗದದ ಮೇಲೆ ‘ಮಾರ್’ (mar) ಅಂತ ಬರೆಯುತ್ತಾನೆ, ಅವರ ಭಾಷೆಯಲ್ಲಿ ಸಮುದ್ರ. ಮೂರೇ ಅಕ್ಷರ. ತಂಗಿಯ ಬೆರಳು ಹಿಡಿದು ಒಂದೊಂದರ ಮೇಲೂ ಓಡಿಸುತ್ತಾನೆ. ಮೊದಲನೆಯದು ಏರಿಳಿಯುವ ಅಲೆ. ಎರಡನೆಯದು ಕೂತಿರುವ ಕಡಲಹಕ್ಕಿ. ಮೂರನೆಯದು ಗಟ್ಟಿ ಬಂಡೆ. ಆ ಹುಡುಗಿ ಬದುಕುವುದಿಲ್ಲ. ಕಥೆ ಅದನ್ನು ಮಕ್ಕಳಿಂದ ಮುಚ್ಚಿಡುವುದೂ ಇಲ್ಲ. ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ಪುಟಾಣಿಗಳು ನಾಲಿಗೆ ಕಚ್ಚಿಕೊಂಡು ‘ಅ’ ತಿದ್ದುವುದನ್ನು ನೋಡಿದಾಗಲೆಲ್ಲ ನನಗೆ ಈ ಅಣ್ಣ ತಂಗಿ ನೆನಪಾಗುತ್ತಾರೆ.

ಇನ್ನು ಬ್ರೆಜಿಲ್. ಮಕ್ಕಳ ಸಾಹಿತ್ಯದ ಅತಿ ದೊಡ್ಡ ಅಂತಾರಾಷ್ಟ್ರೀಯ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯನ್ನು ಲಿಜಿಯಾ ಬೊಜುಂಗಾ 1982ರಲ್ಲೂ ಆನಾ ಮರಿಯಾ ಮಶಾದೊ 2000ದಲ್ಲೂ ಪಡೆದರು. ಚಿತ್ರ ಕಲಾವಿದರ ವಿಭಾಗದಲ್ಲಿ 2014ರಲ್ಲಿ ರೋಜರ್ ಮೆಲ್ಲೊ. ಇದ್ದಿಲು ಸುಡುವ ಕೆಲಸಕ್ಕೆ ಬಿದ್ದ ಬಾಲಕಾರ್ಮಿಕರ ಮೇಲೆ ಮೆಲ್ಲೊ ಒಂದು ಚಿತ್ರಪುಸ್ತಕ ಮಾಡಿದ್ದಾರೆ, ಅದರಲ್ಲಿ ಕಥೆ ಹೇಳುವುದು ಒಂದು ಕಣಜದ ಹುಳು. ಇವರೆಲ್ಲ ದೊಡ್ಡವರೇ. ಆದರೆ ನಮ್ಮಂಥ ಹೊರನಾಡಿನ ಅಪ್ಪ ಅಮ್ಮಂದಿರಿಗೆ ನಾನು ಮೊದಲು ತೋರಿಸುವುದು ಡೇನಿಯಲ್ ಮುಂಡುರುಕು ಅವರನ್ನು.

ಮುಂಡುರುಕು ಎಂಬುದು ಅಮೆಜಾನ್ ಕಡೆಯ ಒಂದು ಮೂಲನಿವಾಸಿ ಸಮುದಾಯ. ಡೇನಿಯಲ್ 1964ರಲ್ಲಿ ಬೆಲೆಂ ಎಂಬ ನಗರದಲ್ಲಿ ಹುಟ್ಟಿದರು. ಶಾಲೆಯಲ್ಲಿ ಮಕ್ಕಳು ಅವರನ್ನು ಕಾಡಿನವನು ಅಂತ ಆಡಿಕೊಳ್ಳುತ್ತಿದ್ದರು. ತನ್ನ ಮುಖದ ಬಗ್ಗೆ, ತನ್ನ ಜನರ ಬಗ್ಗೆ ಹುಡುಗನಿಗೆ ನಾಚಿಕೆ. ಆಗ ಅವನನ್ನು ಹತ್ತಿರ ಕರೆದವರು ಅಜ್ಜ ಅಪೊಲಿನಾರಿಯೊ. ಅಜ್ಜ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೊಮ್ಮಗನನ್ನು ನದಿಯ ಹತ್ತಿರ ಕರೆದುಕೊಂಡು ಹೋಗಿ, ಸುಮ್ನೆ ಕೂತು ಕೇಳು ಅಂದರು. ಆ ಅಜ್ಜನ ಬಗ್ಗೆ ಡೇನಿಯಲ್ ಬರೆದ ಪುಸ್ತಕ ಇವತ್ತು ಬ್ರೆಜಿಲ್‌ನ ಮಕ್ಕಳ ಕೈಯಲ್ಲಿದೆ. ಊಟದ ಡಬ್ಬಿ ತೆಗೆದಾಗ ವಾಸನೆ ಅಂತ ಗೆಳೆಯರು ಮೂಗು ಮುಚ್ಚಿಕೊಂಡರು, ನಾಳೆಯಿಂದ ಚಿತ್ರಾನ್ನ ಬೇಡ ಅಂತ ಅಳುತ್ತಾ ಬಂದ ಮಗು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ? ಆ ಮಗುವಿಗೆ ಕನ್ನಡದಲ್ಲಿ ಓದಿ ಹೇಳಲು ಅಂಥದ್ದೊಂದು ಪುಸ್ತಕ ನಮ್ಮ ಕೈಯಲ್ಲಿದೆಯೇ?

ಇಂಥ ಪುಸ್ತಕಗಳು ತಾವಾಗಿಯೇ ಮಕ್ಕಳ ಕೈಗೆ ಬರಲಿಲ್ಲ ಅನ್ನುವುದನ್ನೂ ಹೇಳಬೇಕು. ಆಫ್ರಿಕಾ ಮೂಲದವರ ಚರಿತ್ರೆ, ಸಂಸ್ಕೃತಿಯನ್ನು ಶಾಲೆಯಲ್ಲಿ ಕಲಿಸಲೇಬೇಕು ಅಂತ ಬ್ರೆಜಿಲ್ 2003ರಲ್ಲಿ ಕಾನೂನು ಮಾಡಿತು. 2008ರಲ್ಲಿ ಅದಕ್ಕೆ ಮೂಲನಿವಾಸಿಗಳನ್ನೂ ಸೇರಿಸಿತು. ಕಾನೂನು ಬಂದ ಮೇಲೆ ಶಾಲೆಗಳಿಗೆ ಅಂಥ ಪುಸ್ತಕ ಬೇಕಾಯಿತು. ಪೋರ್ಚುಗಲ್‌ನಲ್ಲಿ ಶಾಲಾ ಗ್ರಂಥಾಲಯಗಳ ಜಾಲ ಶುರುವಾಗಿದ್ದು 1996ರಲ್ಲಿ. 2006ರಲ್ಲಿ ರಾಷ್ಟ್ರೀಯ ಓದು ಯೋಜನೆ ಬಂತು. ಅದನ್ನು ಮೊದಲು ನಡೆಸಿದ ಇಸಾಬೆಲ್ ಅಲ್ಸಾದಾ ತಾವೇ ಮಕ್ಕಳ ಲೇಖಕಿ. ಇನ್ನೊಬ್ಬ ಶಿಕ್ಷಕಿಯ ಜೊತೆ ಸೇರಿ 1982ರಿಂದ ಅವರು ಬರೆದ ಸಾಹಸ ಕಥೆಗಳ ಮಾಲೆಯನ್ನು ಓದದ ಪೋರ್ಚುಗೀಸ್ ಮಗು ಸಿಗುವುದು ಕಷ್ಟ. 2009ರಲ್ಲಿ ಅವರು ಶಿಕ್ಷಣ ಸಚಿವರೂ ಆದರು.

ಪೋರ್ಚುಗಲ್‌ನ ಹೊಸ ಪುಸ್ತಕಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಸಾಬೆಲ್ ಮಿನ್ಯೋಸ್ ಮಾರ್ಟಿನ್ಸ್ ಬರೆದು, ಬರ್ನಾರ್ಡೊ ಕಾರ್ವಾಲ್ಯೊ ಚಿತ್ರ ಬಿಡಿಸಿದ ಒಂದು ಚಿತ್ರಪುಸ್ತಕ. ಪ್ಲಾನೆಟಾ ಟಾಂಜೆರಿನಾ ಎಂಬ ಪುಟ್ಟ ಪ್ರಕಾಶನದ್ದು. ಒಬ್ಬ ಜನರಲ್ ಅಪ್ಪಣೆ ಹೊರಡಿಸುತ್ತಾನೆ: ಬಲಗಡೆಯ ಪುಟ ತನಗೊಬ್ಬನಿಗೇ, ಅಲ್ಲಿಗೆ ಯಾರೂ ದಾಟಿ ಬರಕೂಡದು. ಎರಡು ಪುಟ ಸೇರುವ ಮಡಿಕೆಯೇ ಗಡಿ. ಅಲ್ಲೊಬ್ಬ ಕಾವಲುಗಾರ. ಪುಟ ತಿರುಗಿಸಿದಂತೆ ಎಡಗಡೆ ಜನ ತುಂಬುತ್ತಾ ಹೋಗುತ್ತಾರೆ, ಬಲಗಡೆ ಬರೀ ಬಿಳಿ. ಕೊನೆಗೊಮ್ಮೆ ಮಕ್ಕಳ ಚೆಂಡು ಪುಟಿದು ಆಚೆ ಹೋಗಿಬಿಡುತ್ತದೆ. ಚೆಂಡು ತರಲು ಬಿಟ್ಟ ಕಾವಲುಗಾರ ಉಳಿದವರನ್ನು ಹೇಗೆ ತಡೆದಾನು? ಜನರಲ್ ಸಿಟ್ಟಿನಿಂದ ಬಂದಾಗ ಜನ ಕಾವಲುಗಾರನ ಪರ ನಿಲ್ಲುತ್ತಾರೆ. 48 ವರ್ಷದ ಸರ್ವಾಧಿಕಾರವನ್ನು 1974ರ ಏಪ್ರಿಲ್ 25ರಂದು ಸೈನಿಕರೇ ಕೊನೆಗೊಳಿಸಿ, ಜನ ಅವರ ಬಂದೂಕಿನ ಬಾಯಿಗೆ ಹೂವಿಟ್ಟ ದೇಶ ಅದು. ಅಲ್ಲಿಯ ಅಜ್ಜ ಇದನ್ನು ಮೊಮ್ಮಗಳಿಗೆ ಓದಿ ಹೇಳುವಾಗ ಏನೇನು ನೆನಪಾಗುತ್ತದೋ!

ನಮ್ಮ ಸ್ಥಿತಿ ಬೇರೆ ಅಂತ ನನಗೂ ಗೊತ್ತು. ಅಂಗೋಲಾ, ಮೊಜಾಂಬಿಕ್‌ಗೆ ಪೋರ್ಚುಗೀಸ್ ಹೋದದ್ದು ಆಳುವವರ ಭಾಷೆಯಾಗಿ. 1975ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಅದು ಸರ್ಕಾರದ, ಶಾಲೆಯ ಭಾಷೆಯಾಗಿ ಉಳಿಯಿತು. ನಮ್ಮ ಕನ್ನಡ ಇಲ್ಲಿಗೆ ಬಂದದ್ದು ಸೂಟ್‌ಕೇಸಿನ ಜೊತೆ, ಕೆಲಸ ಹುಡುಕಿಕೊಂಡು ಬಂದವರ ಬಾಯಲ್ಲಿ. ನಮಗೆ ಕಾನೂನಿನ ಬೆಂಬಲ ಸಿಗುವುದಿಲ್ಲ. ಆದರೂ ಒಂದು ಪಾಠ ನಮಗೂ ಸಲ್ಲುತ್ತದೆ ಅಂತ ನಾನು ಬಲವಾಗಿ ನಂಬಿದ್ದೇನೆ. ಮಗು ತಾನಿರುವ ಜಾಗವನ್ನು ಒಂದು ಭಾಷೆಯ ಪುಸ್ತಕದಲ್ಲಿ ಕಂಡರೆ ಆ ಭಾಷೆ ಅದಕ್ಕೆ ತನ್ನದು ಅನಿಸುತ್ತದೆ. ನಾವು ಇಲ್ಲಿಯ ಮಕ್ಕಳಿಗೆ ಕೊಡುವ ಕನ್ನಡ ಪುಸ್ತಕಗಳಲ್ಲಿ ಬಾವಿ ಇದೆ, ಎತ್ತಿನ ಗಾಡಿ ಇದೆ, ರಾಜ ಇದ್ದಾನೆ. ಅವೆಲ್ಲ ಇರಲಿ. ಪುಣ್ಯಕೋಟಿಯ ಕಥೆ ನಮ್ಮ ಮಕ್ಕಳಿಗೂ ಬೇಕೇ ಬೇಕು. ಆದರೆ ಹಳದಿ ಸ್ಕೂಲ್ ಬಸ್ಸು, ಹಿಮ ಬಿದ್ದ ಬೆಳಗ್ಗೆ, ವೀಡಿಯೋ ಕಾಲ್‌ನಲ್ಲಿ ಮಾತ್ರ ಸಿಗುವ ಅಜ್ಜಿ, ಇವು ಕನ್ನಡದಲ್ಲಿ ಎಲ್ಲಿವೆ?

ಕುವೆಂಪು ಅವರು ಕಿಂದರಿಜೋಗಿಯನ್ನು ಬರೆದಾಗ ಮೂಲದಲ್ಲಿದ್ದ ಜರ್ಮನಿಯ ಊರನ್ನು ಹಾಗೇ ಉಳಿಸಲಿಲ್ಲ. ಕಥೆಯನ್ನು ತುಂಗೆಯ ದಡಕ್ಕೆ ತಂದು ಕೂರಿಸಿದರು. ಕನ್ನಡದ ಮಕ್ಕಳಿಗೆ ಕನ್ನಡದ ಊರು. ನಮ್ಮ ಮಕ್ಕಳು ಇರುವ ಊರು ಇದು.

ಹಾಗಾಗಿ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ಮುಂದಿನ ಸಂಚಿಕೆಯಿಂದ ಎರಡು ಪುಟ ಮಕ್ಕಳಿಗೆ ಬಿಡುತ್ತಿದ್ದೇವೆ. ಒಂದೇ ನಿಯಮ: ಕಥೆ ಇಲ್ಲೇ, ನಾವಿರುವ ಊರಲ್ಲೇ ನಡೆಯಬೇಕು. ಬರೆಯಲು ಬಾರದ ಮಗು ಬಾಯಲ್ಲಿ ಹೇಳಲಿ, ಅಪ್ಪನೋ ಅಮ್ಮನೋ ಬರೆದುಕೊಳ್ಳಲಿ. ಮಧ್ಯೆ ಇಂಗ್ಲಿಷ್ ಮಾತು ಬಂದರೆ ತಿದ್ದಬೇಡಿ, ಮಗು ಹೇಳಿದ ಹಾಗೇ ಇರಲಿ. ಒಂಜಾಕಿಯವರ ಪೋರ್ಚುಗೀಸಿನಲ್ಲೂ ಲುವಾಂಡಾದ ಬೀದಿ ಮಾತು ಬೇಕಾದಷ್ಟಿದೆ. ಹೈಸ್ಕೂಲ್ ಓದುವ ಮಕ್ಕಳು ದಯವಿಟ್ಟು ಹಿಂಜರಿಯಬೇಡಿ, ನಿಮಗಾಗಿ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ, ನೀವೇ ಶುರು ಮಾಡಿ. ಚಿತ್ರವಿದ್ದರೆ ಜೊತೆಗೆ ಕಳಿಸಿ. ಕೈಬರಹದ ಫೋಟೋ ಆದರೂ ಸಾಕು, ಟೈಪ್ ಮಾಡುವ ಕೆಲಸ ನಮ್ಮದು.