ತರಬೇತಿಯ ಸುದ್ದಿ ಮಳೆಗೆ ಮೊದಲೇ ತಲುಪಲಿ

ಮಾನ್ಯ ಸಂಪಾದಕರೇ,

ಹೊಸ ಕೃಷಿ ಮಾಹಿತಿಯನ್ನು ರೈತರಿಗೆ ತಲುಪಿಸುವ ಕೃಷಿ ವಿಸ್ತರಣಾ ಸಿಬ್ಬಂದಿಗಾಗಿ ನಡೆಯುವ ತರಬೇತಿ, ಕಾರ್ಯಾಗಾರ ಹಾಗೂ ಕ್ಷೇತ್ರೋತ್ಸವಗಳ ವಿವರ ಕೊಡಗಿನಲ್ಲಿ ಒಂದೇ ಕಡೆ, ಸಕಾಲದಲ್ಲಿ ದೊರೆಯುವಂತಾಗಬೇಕು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಶಿವಮೊಗ್ಗದ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ ಮತ್ತು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಗಳ ಆಡಳಿತವೇ ಬೇರೆ. ಆದರೆ ಇವರೆಲ್ಲರೂ ಬಂದು ನಿಲ್ಲುವುದು ಕಾಫಿಗಿಡದ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಅದೇ ತೋಟದಲ್ಲಿ.

ಕಳೆದ ವರ್ಷ ಕಾಳುಮೆಣಸಿನ ಸೊರಗು ರೋಗದ ಕುರಿತ ತರಬೇತಿಯ ಪ್ರಕಟಣೆ ನಮ್ಮೂರಿನ ಫಲಕದಲ್ಲಿ ಕಾಣಿಸಿದ್ದು ತರಬೇತಿ ಮುಗಿದ ಮೂರನೆಯ ದಿನ. ನಮ್ಮ ಭಾಗಕ್ಕೆ ಬರುವ ವಿಸ್ತರಣಾ ಅಧಿಕಾರಿಯವರಿಗೂ, ಪಾಪ, ಅದು ತಿಳಿದಿರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿದು, ನನ್ನ ತೋಟದ ಬಳ್ಳಿಗಳ ಎಲೆಯ ಮೇಲೆ ಅಂಚು ನಾರಿನಂತೆ ಬಿಚ್ಚಿಕೊಂಡ ಕಪ್ಪು ಮಚ್ಚೆಗಳು ಮೂಡಿದ್ದವು. ಎಲೆ ಮುಟ್ಟಿದರೆ ಉದುರುತ್ತಿತ್ತು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲೇ ಸಿಂಪಡಿಸಬೇಕೇ ಹೊರತು ಬಳ್ಳಿ ಸೊರಗಿದ ಮೇಲಲ್ಲ. ಕಾಫಿಯ ಬಿಳಿ ಕಾಂಡಕೊರಕದ ವಿಷಯವೂ ಹೀಗೆಯೇ: ಈ ಕೀಟದ ದುಂಬಿ ಕಾಂಡದಿಂದ ಹೊರಬರುವ ಏಪ್ರಿಲ್‌–ಮೇ ಹಾಗೂ ಅಕ್ಟೋಬರ್‌–ಡಿಸೆಂಬರ್‌ ಅವಧಿಗೆ ಮುನ್ನವೇ ಸಿಬ್ಬಂದಿ ಸಿದ್ಧರಾಗಿರಬೇಕು.

ಆದ್ದರಿಂದ ಈ ಸಂಸ್ಥೆಗಳು ಸೇರಿ ಪ್ರತಿ ತಿಂಗಳ ಮೊದಲ ವಾರ ಜಂಟಿ ಕಾರ್ಯಕ್ರಮ ಪಟ್ಟಿಯನ್ನು ಹೊರಡಿಸಿ, ರೈತ ಸಂಪರ್ಕ ಕೇಂದ್ರಗಳಿಗೂ ಪತ್ರಿಕೆಗಳಿಗೂ ಕಳುಹಿಸಬೇಕೆಂದು ಕೋರುತ್ತೇನೆ.

– ಓರ್ವ ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು