ಮಣಿ ಎಣಿಸಿದ ಅಜ್ಜಿಗೆ, ಮತ್ತೆ ನನಗಾಗಿ ನಿದ್ದೆಗೆಟ್ಟವರಿಗೆ

ಮೊನ್ನೆ ಸೋಮವಾರ ಅಂಗಡಿಯ ಶಟರ್ ನಾನೇ ಎತ್ತಿದೆ. ಅರ್ಧದವರೆಗೆ ನನ್ನ ಬಲಗೈ, ಅಲ್ಲಿಂದ ಮೇಲಕ್ಕೆ ನಮ್ಮ ಮಷಿನ್‌ಮನ್. ಅವನು ಕೈ ಕೊಟ್ಟ ಅಂತ ಬರೆಯಲು ಹೋಗಿ ನಿಲ್ಲಿಸಿದೆ. ಕೈ ಕೊಟ್ಟದ್ದು ನನ್ನ ಎಡಗೈ, ಅವನು ಕೈ ಜೋಡಿಸಿದ.

ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ ಮೂವತ್ತು ವರ್ಷದಿಂದ ಲಗ್ನಪತ್ರಿಕೆ, ಬಿಲ್‌ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚು ಹಾಕಿಕೊಂಡು ಬಂದವನು ನಾನು. ಹೋದ ಡಿಸೆಂಬರಿನಲ್ಲಿ ಲಕ್ವ ಹೊಡೆಯಿತು. ರಾತ್ರಿ ಹತ್ತೂವರೆಗೆ ಮಲಗಿದವನು ಬೆಳಗ್ಗೆ ಐದೂವರೆಗೆ ಏಳಲು ಹೋದರೆ ಎಡಗೈ ಹಾಸಿಗೆಯಲ್ಲೇ ಉಳಿಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಬೀಳಬೇಕಂತೆ. ಯಾವಾಗ ಹೊಡೆಯಿತು ಅಂತ ನನಗೇ ಗೊತ್ತಿಲ್ಲದ ಮೇಲೆ ಡಾಕ್ಟರು ಯಾವ ಗಂಟೆಯಿಂದ ಲೆಕ್ಕ ಹಾಕಬೇಕು? ಇಂಜೆಕ್ಷನ್ ಇಲ್ಲದೆಯೇ ವಾರ್ಡಿಗೆ ಬಂದೆ. ನನ್ನ ಕಾಯಿಲೆಯಲ್ಲಿ ಮುಖ್ಯವಾದದ್ದೆಲ್ಲ ನಾನು ಮಲಗಿದ್ದಾಗಲೇ ನಡೆದಿದೆ. ಹಾಗಾಗಿ ಇಲ್ಲಿ ಬರೆದಿದ್ದರಲ್ಲಿ ನಾನು ಕಂಡದ್ದು ಕಮ್ಮಿ, ಬೇರೆಯವರು ಕಂಡು ಹೇಳಿದ್ದೇ ಜಾಸ್ತಿ.

ಮೊದಲು ಕಂಡವರು ಪಕ್ಕದ ಹಾಸಿಗೆಯ ಅಜ್ಜಿ. ರೋಗಿ ಅವರಲ್ಲ, ಅವರ ಮಗ. ಸಾಗರದ ಕಡೆಯವರು ಅನ್ನುವುದಷ್ಟೇ ಗೊತ್ತು. ಧನುರ್ಮಾಸ ಅಂತ ರಾತ್ರಿಯೆಲ್ಲ ಸ್ಟೂಲಿನ ಮೇಲೆ ಕೂತು ಜಪ ಮಾಡುತ್ತಿದ್ದರಂತೆ. ಮೂರನೇ ಬೆಳಗ್ಗೆ ನನ್ನ ಹೆಂಡತಿಯನ್ನು ಕರೆದು, "ನಿಮ್ಮನೆಯವ್ರು ಉಸ್ರು ತಗಳದನ್ನೇ ಮರ್ತು ಬಿಡ್ತಾರಲ್ಲೇ ತಂಗಿ. ನಿನ್ನೆ ಒಂದ್ಸಲ ಇಪ್ಪತ್ತಾರು ಮಣಿ ಆಯ್ತು, ಆಮೇಲೆ ಗೊರ್ ಅಂತ ಎದ್ದು ಕೂತಂಗೆ ಮಾಡಿದ್ರು" ಅಂದರಂತೆ. ಗೊರಕೆ ನಿಂತಾಗ ಮಣಿ ತಿರುಗಿಸಲು ಶುರು, ಮತ್ತೆ ಉಸಿರು ಬಂದಾಗ ನಿಲ್ಲಿಸುವುದು. ದೇವರ ಲೆಕ್ಕದ ನಡುವೆ ನನ್ನದೂ ಒಂದು ಲೆಕ್ಕ ಇಟ್ಟಿದ್ದರು ಆ ತಾಯಿ.

ನನ್ನಾಕೆ ಹೋಗಿ ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಹೇಳಿದಳು. "ಗೊರಕೆ ಹೊಡೀತಿದ್ದಾರೆ ಅಂದ್ರೆ ಚೆನ್ನಾಗಿ ನಿದ್ದೆ ಬಂದಿದೆ ಅಂತ, ಹೆದರ್ಬೇಡಿ ಅಮ್ಮ" ಅನ್ನುವ ಉತ್ತರ ಬಂತು. ಅವರ ಮೇಲೆ ಈಗ ಸಿಟ್ಟಿಲ್ಲ. ಸಿಟ್ಟು ಆ ನಾಲ್ಕು ತಿಂಗಳ ಮೇಲೆ.

ನಾಲ್ಕು ತಿಂಗಳು ಮನೆಯಲ್ಲಿ ಏನಾಗಿದ್ದೆ ಅಂತ ಹೇಳಲು ನಾಚಿಕೆ. ಬೆಳಗ್ಗೆ ಎದ್ದರೆ ತಲೆ ಕಲ್ಲು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕು, ಪ್ರತಿ ಸಲ ಅವಳು ಹಿಡಿದುಕೊಳ್ಳಬೇಕು. ಮೂರು ಮಾತ್ರೆ ನುಂಗಿದರೂ ಬೆಳಗಿನ ಬಿಪಿ ಇಳಿಯುತ್ತಿರಲಿಲ್ಲ. ನೋಡಲು ಬಂದವರೆಲ್ಲ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದು ಹೋಗುತ್ತಿದ್ದರು. ಹೊತ್ತು ಹೋಗಲಿ ಅಂತ ಮಗಳು ಒಂದು ಲಗ್ನಪತ್ರಿಕೆಯ ಪ್ರೂಫ್ ತಂದುಕೊಟ್ಟಳು. ವರನ ಹೆಸರು ಇರಬೇಕಾದ ಕಡೆ ವಧುವಿನ ಅಪ್ಪನ ಹೆಸರು ಕೂತಿತ್ತು, ನಾನು ಕೆಳಗೆ ಸಹಿ ಹಾಕಿ ಕಳಿಸಿದ್ದೆ! ಆ ಕಾರ್ಡು ಅಚ್ಚಿಗೆ ಹೋಗದಂತೆ ತಡೆದದ್ದು ಅದೇ ಮಷಿನ್‌ಮನ್. ಅವನಿಗೊಂದು ನಮಸ್ಕಾರ, ಆ ವರನ ಪರವಾಗಿಯೂ.

ಏಪ್ರಿಲಿನಲ್ಲಿ ಮನೆಗೆ ಬರುತ್ತಿದ್ದ ಫಿಸಿಯೋ ಮೇಡಂ, ನನ್ನ ಮಗಳ ವಯಸ್ಸಿನವರು, ಒಂದು ದಿನ ವ್ಯಾಯಾಮ ನಿಲ್ಲಿಸಿಬಿಟ್ಟರು. ಗೋಡೆ ಹಿಡಿದು ನಿಂತವನು ನಿಂತಲ್ಲೇ ತೂಕಡಿಸಿದ್ದೆ. "ಅಂಕಲ್ ಸೋಮಾರಿ ಅಲ್ಲ ಆಂಟಿ. ರಾತ್ರಿ ಇವರ ಉಸಿರು ನಿಲ್ಲುತ್ತಾ?" ಅಂತ ಕೇಳಿದರು. ಇವಳಿಗೆ ತಕ್ಷಣ ಇಪ್ಪತ್ತಾರು ಮಣಿ ನೆನಪಾಯಿತು. ಆ ರಾತ್ರಿ ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಮಾರನೇ ದಿನ ನಾನೇ ನೋಡಿದೆ. ಹೊದಿಕೆ ಏಳುತ್ತಿದೆ, ಇಳಿಯುತ್ತಿದೆ, ಆಮೇಲೆ ಏಳುವುದೇ ಇಲ್ಲ. ಕೆಳಗೆ ಸೆಕೆಂಡು ಓಡುತ್ತಲೇ ಇದೆ: 20, 30, 38. ವಿಡಿಯೋದಲ್ಲಿ ಮಗಳು "ಅಪ್ಪಾ" ಅಂತ ಕೂಗುವುದಕ್ಕೂ ನಾನು ನೀರಿನಿಂದ ಮೇಲೆದ್ದವನಂತೆ ಗಾಳಿ ಎಳೆಯುವುದಕ್ಕೂ ಸರಿಹೋಯಿತು. ಬದುಕಿರುವಾಗ ಯಾರೂ ನೋಡಬಾರದ ದೃಶ್ಯ ಅದು.

ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ಹೋಗಿ, ನಿದ್ದೆಯ ಪರೀಕ್ಷೆಗೆ ಅಂತ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಬಂದೆವು. ತಲೆ, ಗಲ್ಲ, ಎದೆ, ಕಾಲು, ಎಲ್ಲ ಕಡೆ ವಯರು, ಬೆರಳಿಗೊಂದು ಕ್ಲಿಪ್ಪು. ಕರೆಂಟಿನವರ ಪೆಟ್ಟಿಗೆಯ ಹಾಗೆ ಕಾಣುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಟೆಕ್ನಿಷಿಯನ್ ಹುಡುಗ ಬೆಳಗಿನವರೆಗೆ ಪರದೆ ನೋಡುತ್ತಾ ಕೂತಿದ್ದ. ಗಂಟೆಗೆ 41 ಸಲ ಉಸಿರು ನಿಲ್ಲುವುದೋ ಅರೆಬರೆಯಾಗುವುದೋ ಆಗಿತ್ತು. 5ರೊಳಗಿದ್ದರೆ ಸರಿ, 30 ದಾಟಿದರೆ ತೀವ್ರ. ರಕ್ತದ ಆಮ್ಲಜನಕ ಶೇಕಡಾ 76ಕ್ಕೆ ಇಳಿದಿತ್ತು.

ಅಲ್ಲಿನ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಗಂಟಲಿನ ಚಿತ್ರ ಬರೆದು ತಿಳಿಸಿದರು. ಲಕ್ವ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನಿದ್ದೆಯಲ್ಲಿ ಉಸಿರಿನ ತೊಂದರೆ ಇರುತ್ತದಂತೆ. ಕೆಲವರಿಗೆ ಉಸಿರಾಡು ಅಂತ ಹೇಳುವುದನ್ನು ಮೆದುಳೇ ಮರೆಯುತ್ತದೆ. ಅದು ಎಷ್ಟೋ ಜನರಿಗೆ ವಾರಗಳು ಕಳೆದಂತೆ ತಾನೇ ಕಮ್ಮಿಯಾಗುತ್ತದೆ. ನನ್ನದು ಹೆಚ್ಚಾಗಿ ಇನ್ನೊಂದು ಬಗೆ: ಮೆದುಳು ಹೇಳುತ್ತದೆ, ಎದೆ ಎಳೆಯುತ್ತದೆ, ಆದರೆ ಸಡಿಲವಾದ ಗಂಟಲು ಮುಚ್ಚಿಕೊಂಡಿರುತ್ತದೆ. ಇದು ತಾನಾಗಿ ಹೋಗುವುದು ಅಪರೂಪ, ಲಕ್ವಕ್ಕೆ ಮುಂಚೆಯೇ ಇದ್ದಿರಲೂ ಸಾಕು. ಪ್ರತಿ ಸಲ ಆಮ್ಲಜನಕ ಇಳಿದಾಗ ಬಿಪಿ ಜಿಗಿಯುತ್ತದೆ, ಮೆದುಳು ಬೆಚ್ಚಿ ಏಳುತ್ತದೆ. ಹಗಲು ಕಲಿತ ವ್ಯಾಯಾಮವನ್ನು ರಾತ್ರಿ ಗಟ್ಟಿ ಮಾಡಿಕೊಳ್ಳಬೇಕಾದ ಮೆದುಳಿಗೆ ಇದೇ ಕೆಲಸವಾದರೆ ಕೈ ಹೇಗೆ ಬಂದೀತು? "ನಾನು ಇಷ್ಟು ಸಣಕಲ, ನನಗ್ಯಾಕೆ?" ಅಂದೆ. ದಪ್ಪಗಿರುವವರಿಗೇ ಬರುತ್ತದೆ ಅಂದುಕೊಂಡೇ ಲಕ್ವ ಆದವರಲ್ಲಿ ಇದು ಪತ್ತೆಯಾಗದೆ ಉಳಿಯುತ್ತದೆ ಅಂದರು. ನಿದ್ದೆ ಬರಲಿ ಅಂತ ಮೆಡಿಕಲ್ಲಿನಿಂದ ತಂದು ನುಂಗುತ್ತಿದ್ದ ಮಾತ್ರೆ ನೋಡಿ ಮಾತ್ರ ಗದರಿದರು. ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡುವಂಥದ್ದಂತೆ.

ಅವರಿಗೆ ನಾನು ಹೆಚ್ಚು ಋಣಿಯಾಗಿರುವುದು ಇನ್ನೊಂದು ಮಾತಿಗೆ. ಮಲಗಿದಾಗ ಗಂಟಲು ಮುಚ್ಚದಂತೆ ಗಾಳಿ ಊದುವ ಸಿಪ್ಯಾಪ್ ಮಷಿನ್ ಹಾಕಿಕೊಂಡರೆ ಎರಡನೇ ಸಲ ಲಕ್ವ ಬರುವುದಿಲ್ಲವಾ ಅಂತ ನನ್ನಾಕೆ ಕೇಳಿದಳು. ಹೌದು ಅಂದಿದ್ದರೆ ಅವಳು ಅಲ್ಲೇ ಕಾಲಿಗೆ ಬೀಳುತ್ತಿದ್ದಳು. ಅವರು ಹಾಗನ್ನಲಿಲ್ಲ. 2016ರಲ್ಲಿ ಬಂದ ದೊಡ್ಡ ಪರೀಕ್ಷೆಯೊಂದರಲ್ಲಿ, ಹೃದಯದ ಕಾಯಿಲೆಯೋ ಲಕ್ವವೋ ಆಗಿದ್ದ 2,700ಕ್ಕೂ ಹೆಚ್ಚು ಜನರನ್ನು ನೋಡಿದಾಗ, ಮಷಿನ್‌ನಿಂದ ಹೃದಯಾಘಾತವಾಗಲಿ ಲಕ್ವವಾಗಲಿ ಕಮ್ಮಿಯಾದದ್ದು ಕಾಣಲಿಲ್ಲ ಅಂದರು. ಆದರೆ ಹಗಲಿನ ತೂಕಡಿಕೆ ಕಮ್ಮಿಯಾಗಿತ್ತು, ಮನಸ್ಸು ಹಗುರಾಗಿತ್ತು. ಅದರಲ್ಲಿದ್ದವರು ಮಷಿನ್ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ ಮೂರು ಚಿಲ್ಲರೆ ಗಂಟೆ ಮಾತ್ರ ಅನ್ನುವುದನ್ನೂ ಮುಚ್ಚಿಡಲಿಲ್ಲ. "ಗ್ಯಾರಂಟಿ ಕೊಡೋಕಾಗಲ್ಲಮ್ಮ. ಎಚ್ಚರವಾಗಿರೋ ಗಂಡನ್ನ ವಾಪಸ್ ಕೊಡೋ ಪ್ರಯತ್ನ ಮಾಡ್ತೀನಿ" ಅಂದರು. ವ್ಯಾಪಾರ ಮಾಡಿದವನಿಗೆ ಗೊತ್ತು, ಆಗುವುದಿಲ್ಲ ಅನ್ನುವುದನ್ನು ಮೊದಲೇ ಹೇಳುವವನು ಎಷ್ಟು ಅಪರೂಪ ಅಂತ.

ಮಷಿನ್ ಅಂದರೆ ಒಂದು ಸಣ್ಣ ಡಬ್ಬಿ. ಗಾಳಿಯನ್ನು ಒತ್ತಡದಲ್ಲಿ ಮೂಗಿಗೆ ಊದಿ ಗಂಟಲು ಮುಚ್ಚದ ಹಾಗೆ ಹಿಡಿಯುತ್ತದೆ. 1980ರ ಸುಮಾರಿಗೆ ಸಿಡ್ನಿಯ ಕಾಲಿನ್ ಸಲಿವನ್ ಎಂಬ ಡಾಕ್ಟರು ಇದನ್ನು ಮೊದಲು ಮಾಡಿದಾಗ ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನೇ ಬಳಸಿಕೊಂಡಿದ್ದರಂತೆ. ಹಳೇ ಮಷಿನ್ ಬಿಚ್ಚಿ ಇನ್ನೊಂದಕ್ಕೆ ಜೋಡಿಸುವ ಜಾತಿಗೆ ಸೇರಿದ ನನಗೆ ಇದನ್ನು ಕೇಳಿ ಆ ಮನುಷ್ಯ ನಮ್ಮವನೇ ಅನ್ನಿಸಿದ.

ಕಷ್ಟ ಮಷಿನ್ನಿನದಲ್ಲ, ಮಾಸ್ಕಿನದು. ಎಡತುಟಿ ಇಳಿಬಿದ್ದಿದೆ, ಅಲ್ಲಿಂದ ಪುಸ್ ಅಂತ ಗಾಳಿ ಹೋಗಿ ಕಣ್ಣು ಒಣಗುತ್ತಿತ್ತು. ಜೊತೆಗೆ ಟೆಕ್ನಿಷಿಯನ್ ಹುಡುಗನ ಹಠ. "ರಾತ್ರಿ ವಾಂತಿ ಬಂದ್ರೆ, ಕರೆಂಟ್ ಹೋದ್ರೆ, ನೀವೇ ಒಂದು ಕೈಯಲ್ಲಿ ಇದನ್ನ ತೆಗೀಬೇಕು ಸಾರ್. ಅದು ಬರೋವರೆಗೆ ಮನೆಗೆ ಕಳಿಸಲ್ಲ." ಹದಿನಾಲ್ಕು ಸಲ ತೆಗೆಸಿದ. ತೆಗೆಯಲು ಬಂತು, ಬಿಗಿಯಲು ಬರಲಿಲ್ಲ. ಪಟ್ಟಿಯ ತುದಿ ಬೆರಳಿಗೆ ಸಿಕ್ಕದೆ ಜಾರುತ್ತಿತ್ತು.

ಊರಿಗೆ ಬಂದ ಮೇಲೆ ಪಕ್ಕದ ಮಳಿಗೆಯ ಟೈಲರ್ ಭಾಯಿ ಮಾಸ್ಕನ್ನು ಎರಡು ದಿನ ತಿರುಗಿಸಿ ಮುರುಗಿಸಿ ನೋಡಿದರು. ಮೂರನೇ ದಿನ ಪಟ್ಟಿಯ ತುದಿಗೆ ಒಂದು ಬಟ್ಟೆಯ ಉಂಗುರ ಹೊಲಿದು ತಂದರು, ಹೆಬ್ಬೆರಳು ತೂರಿಸಿ ಎಳೆಯಲು. ಅದರ ಬಣ್ಣ ಕೆಂಪು, ಕತ್ತಲಲ್ಲೂ ಸಿಗಲಿ ಅಂತ ಮಡಿಕೆ ಮಾಡಿ ದಪ್ಪ ಹೊಲಿದಿದ್ದಾರೆ. ಇವತ್ತಿಗೂ ಹೆಂಡತಿಯನ್ನು ಎಬ್ಬಿಸದೆ ಮಾಸ್ಕ್ ಹಾಕಿಕೊಳ್ಳುತ್ತಿದ್ದರೆ ಆ ಎರಡಿಂಚು ಬಟ್ಟೆಯಿಂದ. ದುಡ್ಡು ಕೊಡಲು ಹೋದರೆ, "ನನ್ನ ಮಗಳ ಮದ್ವೆ ಕಾರ್ಡ್‌ಗೆ ನೀವೆಷ್ಟು ತಗೊಂಡ್ರಿ?" ಅಂತ ಬಾಯಿ ಮುಚ್ಚಿಸಿದರು.

ಜೂನ್ ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತೇ ಇದೆ. ಮಷಿನ್ ನಿಂತರೆ ನನ್ನದೂ ಹಳೇ ಕತೆ. ಪ್ರೆಸ್ಸಿನ ಯುಪಿಎಸ್ಸನ್ನೇ ಅಳಿಯ ಹೊತ್ತು ತಂದು ಮಂಚದ ಕೆಳಗಿಟ್ಟರು. ಮೊದಲ ವಾರ ಹಾಕಿಕೊಂಡ ಎರಡೇ ಗಂಟೆಯಲ್ಲಿ ಮಾಸ್ಕ್ ಕಿತ್ತೆಸೆಯುತ್ತಿದ್ದೆ. ಈಗ ಆರು ಗಂಟೆ ಇರುತ್ತದೆ, ಬೆಳಗ್ಗೆ ಪರದೆಯಲ್ಲಿ 41ರ ಜಾಗದಲ್ಲಿ 3 ಅಂತ ಬರುತ್ತದೆ. ಮೂತ್ರಕ್ಕೆ ಒಂದೇ ಸಲ ಏಳುವುದು. ಬಿಪಿ ಮಾತ್ರೆ ಮೂರರಿಂದ ಎರಡಾಗಿದೆ. ಎಡಗೈ ಪೂರ್ತಿ ಬಂದಿಲ್ಲ, ಕಾಗದದ ಕಟ್ಟನ್ನು ಅಲ್ಲಾಡದಂತೆ ಒತ್ತಿ ಹಿಡಿಯುವಷ್ಟು ಬಂದಿದೆ.

ನನ್ನಾಕೆಗೆ ಧನ್ಯವಾದ ಅಂದರೆ ನಗುತ್ತಾಳೆ. ಮಷಿನ್ ಬಂದ ಮೊದಲ ರಾತ್ರಿ, ಗೊರಕೆ ಕೇಳದೆ ಗಾಬರಿಯಾಗಿ ಎದ್ದು ಕೂತು ನನ್ನ ಎದೆ ಮುಟ್ಟಿ ನೋಡಿದಳಂತೆ. ಆಮೇಲೆ ಎಷ್ಟೋ ತಿಂಗಳ ನಂತರ ಬೆಳಗಿನ ಹಾಲಿನವನು ಕೂಗುವವರೆಗೆ ಮಲಗಿದಳು. ಇದೂ ನಾನು ಕಂಡದ್ದಲ್ಲ, ಮಗಳು ಹೇಳಿದ್ದು.

ಧನುರ್ಮಾಸದಲ್ಲಿ ಮದುವೆಗಳಿಲ್ಲ, ಆದರೆ ಸಂಕ್ರಾಂತಿ ದಾಟಿದ ಮೇಲಿನ ಲಗ್ನಗಳ ಕಾರ್ಡು ಈಗಲೇ ಬರುತ್ತವೆ. ಸೋಮವಾರ ಮೊದಲ ಪ್ರೂಫ್ ನೋಡಿದೆ. ವರ ವರನ ಜಾಗದಲ್ಲೇ ಇದ್ದಾನೆ, ವಧುವಿನ ಅಪ್ಪ ಅವರ ಜಾಗದಲ್ಲಿ. ಎರಡು ಸಲ ಓದಿ ಸಹಿ ಹಾಕಿದೆ.

ಹೋದ ವರ್ಷ ಡಿಸೆಂಬರಿನಲ್ಲಿ ಶಿವಮೊಗ್ಗದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಮಗನ ಪಕ್ಕ ಸ್ಟೂಲಿನ ಮೇಲೆ ಕೂತು ಜಪ ಮಾಡುತ್ತಿದ್ದ ಸಾಗರ ಕಡೆಯ ಅಜ್ಜಿ ನಿಮ್ಮ ಮನೆಯವರಾಗಿದ್ದರೆ ಇದನ್ನು ಓದಿ ಹೇಳಿ. ಅವರ ಮಗ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ಅವರ ಮನೆಯಲ್ಲಿ ಮೊಮ್ಮಕ್ಕಳ ಮದುವೆ, ಮುಂಜಿ ಯಾವುದಿದ್ದರೂ ಕಾರ್ಡು ನಮ್ಮ ಪ್ರೆಸ್ಸಿನದು, ಪ್ರೂಫ್ ನಾನೇ ನೋಡುತ್ತೇನೆ.