ಮಗನ ಹೆಸರಿಗೆ ತೋಟ ಬರೆಯುವ ಮುನ್ನ

ಮಾನ್ಯರೇ,

ತೀರ್ಥಹಳ್ಳಿ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ. ಹಿರಿಮಗನಿಗೆ ಬುದ್ಧಿಮಾಂದ್ಯ, ಈಗ 24 ವರ್ಷ. ಗೋಟು ಒಂದು ಕಡೆ, ಹಸಿ ಅಡಿಕೆ ಒಂದು ಕಡೆ ರಾಶಿ ಹಾಕುತ್ತಾನೆ, ಒಂದೂ ತಪ್ಪುವುದಿಲ್ಲ. ನೂರರ ನೋಟು, ಹತ್ತರ ನೋಟು ಮಾತ್ರ ಅವನಿಗೆ ಒಂದೇ.

'ಅರ್ಧ ತೋಟ ಅವನ ಹೆಸರಿಗೆ ಬರೆದುಬಿಡಿ' ಎನ್ನುತ್ತಾರೆ ನೆಂಟರು. ಬರೆದರೆ ನಾಳೆ ಆದಾಯ ಪ್ರಮಾಣಪತ್ರದ ಅಂಕಿ ಏರಿ ಅವನ ಅಂಗವಿಕಲ ಮಾಸಾಶನಕ್ಕೆ ಕತ್ತರಿ ಬೀಳಬಹುದು. ಅದಕ್ಕಿಂತ ಜಾಸ್ತಿ ಭಯ, ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಂಡರೆ? ತಮ್ಮನಿಗೇ ಎಲ್ಲ ಬರೆದು 'ಅಣ್ಣನ್ನ ನೋಡ್ಕೋ' ಅಂದರೆ ಅದು ಬರೀ ಬಾಯಿಮಾತು, ಅಲ್ವಾ?

ದಾರಿ ಇದೆ. 1882ರ ಟ್ರಸ್ಟ್ ಕಾಯ್ದೆಯಡಿ, ಉಯಿಲಿನಲ್ಲೇ ಖಾಸಗಿ ಟ್ರಸ್ಟ್ ಮಾಡಿ, ಆಸ್ತಿ ಅದರ ಕೈಗೆ, ಆದಾಯ ಮಗನ ಖರ್ಚಿಗೆ ಎಂದು ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಇನ್ನೊಂದು, 18 ತುಂಬಿದ ಇಂಥ ಮಕ್ಕಳಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸುತ್ತದೆ. ನನಗೆ ಇದು ಗೊತ್ತಾಗಿದ್ದೇ ಹೋದ ವರ್ಷ. ಮೊದಲು ಕೇಳಿದ ಕಚೇರಿಯಲ್ಲಿ 'ಅಂಥದ್ದೇನಿಲ್ಲ' ಎಂದು ಸುಮ್ನೆ ವಾಪಸ್ ಕಳಿಸಿದ್ದರು.

ಈ ಮಾಹಿತಿಯನ್ನು ನಾಡಕಚೇರಿಗಳ ಗೋಡೆಗಾದರೂ ಅಂಟಿಸಲಿ. ಮಳೆಗಾಲದಲ್ಲಿ ಮಗನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವುದು ಸುಲಭವಲ್ಲ.

— ಒಬ್ಬ ತಂದೆ, ತೀರ್ಥಹಳ್ಳಿ ತಾಲ್ಲೂಕು